ಒಂದು ಲಾರಿ ಮರದ ಚೂರು

ಮಾರ್ಚ್ ೪

ಅಕ್ಕಾ,

ಒಳ್ಳೆಯ ಸುದ್ದಿ ಮೊದಲು: ಮರದ ಚೂರು ಸಿಕ್ಕಿತು. ಕೆಟ್ಟ ಸುದ್ದಿ: ಒಂದು ಲಾರಿ ಸಿಕ್ಕಿತು.

ಮಗಳ ಬಾಣಂತನಕ್ಕೆ ಹೊರಟ ದಿನ ಟ್ಯಾಕ್ಸಿಯೊಳಗೆ ಒಂದು ಕಾಲಿಟ್ಟುಕೊಂಡೇ ನೀನು ಹೇಳಿದ್ದೆಯಲ್ಲ, ‘ಹಿತ್ತಲ ಮಣ್ಣು ಸುಟ್ಟ ಇಟ್ಟಿಗೆ ಆಗಿದೆ ಕಣೇ, ಮರ ಕಡಿಯೋರು ಎಲ್ಲಾದ್ರೂ ಕಂಡ್ರೆ ಬಿಡಬೇಡ, ಚೂರು ಕೇಳು’ ಎಂದು. ನಿನ್ನೆ ಬೆಳಿಗ್ಗೆ ನೀರಿನ ಟ್ಯಾಂಕಿನ ಹಿಂದೆ ಯಂತ್ರ ಕಿರುಚುವುದು ಕೇಳಿಸಿತು. ಹೋಗಿ ನೋಡಿದೆ. ಒಂದು ಬಾಯಿಗೆ ಇಡೀ ಕೊಂಬೆ ತುರುಕುತ್ತಾರೆ, ಇನ್ನೊಂದು ಬಾಯಿಂದ ಅದನ್ನು ಪುಡಿಪುಡಿ ಮಾಡಿ ಲಾರಿಯೊಳಗೆ ಉಗುಳುತ್ತದೆ. ಕೆಲಸದ ಮೇಸ್ತ್ರಿಯನ್ನು ಎಲ್ಲರೂ ‘ಗರಗಸ’ ಎನ್ನುತ್ತಾರೆ. ಅವನ ದನಿಯೂ ಹಾಗೇ ಇದೆ.

‘ಎರಡು ಚೀಲ ಕೊಟ್ರೆ ಸಾಕಪ್ಪ’ ಎಂದೆ.

‘ಚೀಲ ಗೀಲ ಇಲ್ಲಮ್ಮ. ಕೊಟ್ರೆ ಲಾರಿ, ಇಲ್ಲಾಂದ್ರೆ ಇಲ್ಲ. ಬೇಗ ಹೇಳಿ, ನಾವು ಊಟಕ್ಕೆ ಹೋಗ್ಬೇಕು.’

ಹೂಂ ಅಂದುಬಿಟ್ಟೆ. ಹತ್ತು ನಿಮಿಷಕ್ಕೆ ಲಾರಿ ನಮ್ಮ ಗೇಟಿನ ಮುಂದೆ ಬೆನ್ನು ತಿರುಗಿಸಿ ನಿಂತಿತು. ಗರಗಸ ಒಂದು ಕಾಗದವನ್ನು ಹಲಗೆಯ ಮೇಲಿಟ್ಟು ಮುಂದೆ ಚಾಚಿದ. ‘ಇಲ್ಲೊಂದು ಸೈನ್ ಹಾಕಿ. ಚೂರು ತಲುಪ್ತು ಅಂತ, ಅಷ್ಟೇ.’ ಕನ್ನಡಕ ಒಳಗೆ ಕರಡಿನ ಮೇಲೆ ಬಿದ್ದಿತ್ತು. ಎದುರುಮನೆಯ ಟೈಲರಣ್ಣ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಅಂಗಡಿಯ ಮೆಟ್ಟಿಲಿಳಿದು ಬಂದಿದ್ದರು.

‘ಏನ್ ಬರೆದಿದೆ ಅಂತ ಓದಿದ್ರಾ, ಚಿಕ್ಕ ಮಿಸ್?’

‘ದಿನಾ ಪ್ರೆಸ್ಸಿನೋರ ಕರಡು ಓದೋದೇ ನನ್ನ ಹೊಟ್ಟೆಪಾಡು ಅಣ್ಣಾ. ಇದನ್ನೂ ಓದ್ಬೇಕಾ?’ ಎಂದು ಸಹಿ ಎಳೆದೆ.

‘ಬಿಟ್ಟಿ ಸಿಕ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ’ ಎಂದು ನಕ್ಕು ಅವರು ಒಳಗೆ ಹೋದರು.

ಈಗ ಗೇಟು ತೆರೆಯುವುದಿಲ್ಲ. ರಾಶಿ ನನ್ನ ಎದೆಯೆತ್ತರಕ್ಕಿದೆ. ನಾನು ಅಡುಗೆಮನೆಯ ಪಕ್ಕದ ಸಂದಿಯಿಂದ ಹೊರಗೆ ನುಸುಳುತ್ತಿದ್ದೇನೆ. ಮರ ಕಡಿದಾಗ ಒಂದು ಪರಿಮಳ ಬರುತ್ತದೆ ಎಂದು ಯಾವ ಕವಿ ಬರೆದರೂ ಇನ್ನು ಮುಂದೆ ನಾನು ನಂಬುವುದಿಲ್ಲ. ಇದು ಮುಚ್ಚಿಟ್ಟು ಮರೆತ ಒದ್ದೆ ಬಟ್ಟೆಯ ವಾಸನೆ, ಅದರ ಮೇಲೆ ಹುಳಿ. ಕೈಯಿಟ್ಟರೆ ಒಳಗೆ ಬಿಸಿ. ಜ್ವರ ಬಂದವರ ಕಂಕುಳಿನ ಹಾಗೆ. ಇವತ್ತು ಬೆಳಿಗ್ಗೆ ಆವಿ ಏಳುತ್ತಿತ್ತು. ಮೊದಲ ಬುಟ್ಟಿ ತುಂಬುವಾಗ ಎಲೆಯ ದಂಟು ಎಂದುಕೊಂಡು ಎಳೆದದ್ದು ಇಲಿಯ ಬಾಲ. ಬಾಲ ಮಾತ್ರ, ಅಕ್ಕಾ. ಮಿಕ್ಕ ಇಲಿ ಎಲ್ಲಿದೆ ಎಂದು ಯೋಚಿಸುತ್ತಾ ನಾಲ್ಕು ಸಲ ಕೈ ತೊಳೆದೆ.

ನಿನ್ನ ಮರಗಳು ಕ್ಷೇಮ. ರಸ್ತೆ ಅಗಲ ಮಾಡಲು ಹಿಪ್ಪುನೇರಳೆಗಳನ್ನು ತೆಗೆಯುತ್ತೇವೆ ಎಂಬ ನಗರಸಭೆಯ ನೋಟೀಸು ಕಂಬದ ಮೇಲೆ ಬಿಸಿಲಿಗೆ ಸುರುಳಿಯಾಗುತ್ತಿದೆ. ಒಂದು ಮನೆಯವರು ಒಪ್ಪಿದರೂ ಸಾಕು ಎನ್ನುವ ಹಾಳು ನಿಯಮವೊಂದಿದೆ, ನಿಜ. ಆದರೆ ನೀನು ಹೋಗುವ ಮುನ್ನ ನಮ್ಮ ರಸ್ತೆಯ ಆರೂ ಮನೆಯ ಬಾಗಿಲಲ್ಲಿ ನಿಂತು ಮಾತು ತೆಗೆದುಕೊಂಡಿದ್ದೀಯಲ್ಲ, ಯಾರು ಮೀರುತ್ತಾರೆ? ಹೆಡ್‌ಮಿಸ್ಸಿಗೆ ಕೊಟ್ಟ ಮಾತು.

ಫೋನಿನಲ್ಲಿ ನಿನ್ನ ಕಿವಿಯ ಯಂತ್ರ ಸಿಳ್ಳೆ ಹಾಕುವುದರಿಂದ ಪತ್ರವೇ ಸರಿ. ನೀನೂ ಬರೆ.

ವಾಸನೆ ಹೊಡೆಯುವ ಕೈಯಿಂದ,
ಚುಕ್ಕಿ


ಮಾರ್ಚ್ ೧೫

ಚುಕ್ಕಿ,

ಇಲಿಯ ಬಾಲಕ್ಕೆ ಇಷ್ಟು ಹೇಸಿದರೆ ನೀನು ಇಲ್ಲಿ ಒಂದು ದಿನ ಬಾಳುತ್ತಿರಲಿಲ್ಲ. ನನ್ನ ಮೊಮ್ಮಗ ಕುಡಿದ ಹಾಲಿನಲ್ಲಿ ಅರ್ಧ ನನ್ನ ಹೆಗಲ ಮೇಲೆ ಕಕ್ಕುತ್ತಾನೆ. ನನ್ನ ಎಲ್ಲ ಅಂಗಿಗಳೂ ಒಡೆದ ಹಾಲಿನ ಪಾತ್ರೆಯಂತಾಗಿವೆ. ಹಾಲಿನ ಕೆನೆ ಕಂಡರೆ ಮೂಗು ಮುಚ್ಚಿಕೊಂಡು ಊಟ ಬಿಟ್ಟು ಏಳುತ್ತಿದ್ದ ಹುಡುಗಿ ನೀನು. ನಲವತ್ತೆಂಟಾದರೂ ಬುದ್ಧಿ ಹಾಗೇ ಇದೆ.

ಈಗ ಕೇಳು. ರಾಶಿಯನ್ನು ಹಾಗೇ ಬಿಟ್ಟರೆ ಒಳಗೆ ಗಾಳಿಯಿಲ್ಲದೆ ಕೊಳೆಯುತ್ತದೆ, ಆ ಹುಳಿವಾಸನೆ ಅದೇ. ಬೇಗ ಹರಡು. ನಾಲ್ಕು ಬೆರಳು ದಪ್ಪ, ಹೆಚ್ಚು ಬೇಡ. ಮಣ್ಣಿನ ಮೇಲೆ ಹಾಸು, ಮಣ್ಣಿನೊಳಗೆ ಕಲಸಬೇಡ, ಕಲಸಿದರೆ ಗಿಡದ ಬಾಯಿಂದ ಅನ್ನ ಕಿತ್ತುಕೊಂಡ ಹಾಗೆ, ಎಲೆಯೆಲ್ಲ ಹಳದಿಯಾಗುತ್ತದೆ. ಗಿಡದ ಬುಡಕ್ಕೆ ಒತ್ತಬೇಡ. ಒಂದು ಗೇಣು ಬಿಡು. ತೊಗಟೆಗೆ ಒದ್ದೆ ತಾಗಿದರೆ ಬುಡ ಕೊಳೆತು ಹೋಗುತ್ತದೆ, ಮೇಲೆ ಮಾತ್ರ ಹಸಿರಾಗಿ ನಿಂತಿರುತ್ತದೆ, ಗೊತ್ತೇ ಆಗುವುದಿಲ್ಲ.

ಮರಗಳ ವಿಷಯ ತಮಾಷೆ ಮಾಡಬೇಡ. ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ನನ್ನ ಮಹಡಿಯ ಕಿಟಕಿಗೆ ಹಿಪ್ಪುನೇರಳೆಯ ತುದಿ ಸರಿಯಾಗಿ ತಾಗುತ್ತದೆ. ಹಣ್ಣಿನ ಕಾಲದಲ್ಲಿ ಹಕ್ಕಿಗಳು ನನ್ನಿಂದ ಎರಡು ಮೊಳ ದೂರದಲ್ಲಿ ಕೂರುತ್ತವೆ. ಯಂತ್ರ ಹಾಕಿಕೊಂಡರೂ ಅವುಗಳ ಸದ್ದು ನನಗೆ ಕೇಳಿಸುವುದಿಲ್ಲ, ಅಷ್ಟು ಸಣ್ಣ ಸದ್ದು ಈ ಯಂತ್ರಕ್ಕೆ ಹತ್ತುವುದಿಲ್ಲ. ಅವು ಕೊಕ್ಕು ತೆರೆಯುವುದನ್ನು ನೋಡುತ್ತಾ ಕೂರುತ್ತೇನೆ. ಇದು ಇಂಥ ಹಕ್ಕಿ, ಇದರ ದನಿ ಹೀಗಿತ್ತು ಎಂದು ನೆನಪಿನಿಂದ ತೆಗೆದು ಆ ಕೊಕ್ಕಿನೊಳಗೆ ಇಡುತ್ತೇನೆ. ಆ ಮರ ಹೋದರೆ ನನಗೆ ಉಳಿಯುವುದು ಎದುರಿನ ಗೋಡೆ.

ಟೈಲರ್ ಮೇಲೆ ಒಂದು ಕಣ್ಣಿಡು. ಹಣ್ಣು ಉದುರಿ ಗಿರಾಕಿಗಳ ಬಟ್ಟೆಗೆ ನೇರಳೆ ಕಲೆ ಆಗುತ್ತದೆಂದು ಪ್ರತಿ ವರ್ಷ ಗೊಣಗುತ್ತಾನೆ. ಮನುಷ್ಯ ಒಳ್ಳೆಯವನೇ, ಆದರೆ ಗೊಣಗುವವರಿಗೆ ಪೆನ್ನು ಕೊಡಬಾರದು.

ಕಕ್ಕಿದ ಹಾಲಿನ ನಡುವಿನಿಂದ,
ಅಕ್ಕ


ಏಪ್ರಿಲ್ ೩

ಅಕ್ಕಾ,

ಹರಡಿ ಮುಗಿಸಿದೆ. ಕೈಗಾಡಿಯಲ್ಲಿ ಎಂಬತ್ತೊಂದು ಸಲ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದು ಮತ್ತೆ ಎದ್ದಿವೆ. ಬುಡಕ್ಕೆ ಒಂದು ಗೇಣು ಬಿಟ್ಟಿದ್ದೇನೆ, ನನ್ನ ಗೇಣು, ನಿನ್ನದಲ್ಲ. ಟೈಲರಣ್ಣ ತಮ್ಮ ಅಳತೆಯ ಟೇಪು ತಂದು ಗುಲಾಬಿಯ ಸುತ್ತ ಹಿಡಿದು, ‘ಸೊಂಟ ಸರಿಯಾಗಿದೆ, ಎದೆ ಸ್ವಲ್ಪ ಬಿಗಿ’ ಎಂದರು. ನಕ್ಕು ನಕ್ಕು ಕೈಗಾಡಿ ಮಗುಚಿತು.

ಮೂರು ದಿನ ಚೆನ್ನಾಗಿತ್ತು. ಆಮೇಲೆ ಒಂದು ಮಳೆ ಬಂತು. ಮರುದಿನ ಬೆಳಿಗ್ಗೆ ಗುಲಾಬಿಯ ಹತ್ತಿರ ಯಾರೋ ವಾಂತಿ ಮಾಡಿದ್ದರು.

ನಾನು ನಿಜವಾಗಿ ಹಾಗೇ ಅಂದುಕೊಂಡೆ. ಊಟದ ತಟ್ಟೆಯಗಲದ, ಗಾಢ ಹಳದಿಯ, ನೊರೆನೊರೆಯಾದ ಮುದ್ದೆ. ಯಾವ ಕುಡುಕನಪ್ಪ ಗೋಡೆ ಹಾರಿ ಬಂದ ಎಂದು ಬೈದುಕೊಳ್ಳುತ್ತಾ ನೀರಿನ ಪೈಪು ಹಿಡಿದೆ. ಹೋಗಲಿಲ್ಲ. ಸಂಜೆ ನೋಡಿದರೆ ಅದು ಅಲ್ಲಿರಲಿಲ್ಲ. ಒಂದು ಗೇಣು ಆಚೆ, ಇಟ್ಟಿಗೆಯ ಅಂಚು ಹತ್ತಿ ಕೂತಿತ್ತು. ವಾಂತಿ ನಡೆಯುತ್ತದೆಯೇ? ಪುಸ್ತಕ ತೆಗೆದು ನೋಡಿದೆ. ಇದೊಂದು ಲೋಳೆ ಜೀವಿಯಂತೆ, ಕೊಳೆಯುವ ಮರದ ಮೇಲೆ ಹುಟ್ಟುತ್ತದಂತೆ, ಬಾಯಿಲ್ಲ, ಕಾಲಿಲ್ಲ, ತಿನ್ನುತ್ತದೆ, ನಡೆಯುತ್ತದೆ, ಏನೂ ಕೆಡುಕು ಮಾಡುವುದಿಲ್ಲವಂತೆ. ಕೆಡುಕು ಮಾಡದಿದ್ದರೆ ಹಾಗೇಕೆ ಕಾಣಬೇಕು? ಸಲಿಕೆಯಿಂದ ಎತ್ತಿದೆ. ಒಳಗೆ ಕಪ್ಪು ಪುಡಿ, ಮಸಿಯ ಹಾಗೆ ಹಾರಿ ಮೂಗಿಗೆ ಹೋಯಿತು. ಅವತ್ತು ರಾತ್ರಿ ಊಟವಿಲ್ಲ.

ಮಣ್ಣಿನ ವಿಷಯದಲ್ಲಿ ನೀನು ಗೆದ್ದೆ. ಚೂರು ಸರಿಸಿ ಬೆರಳು ಒತ್ತಿದರೆ ಎರಡು ಗೆಣ್ಣು ಒಳಗೆ ಹೋಗುತ್ತದೆ. ಎರೆಹುಳುಗಳು ಬಂದಿವೆ. ಅವನ್ನೂ ನಾನು ನೋಡಲಾರೆ.

ಮರದಲ್ಲಿ ಕಾಯಿ ಕಟ್ಟುತ್ತಿದೆ.

ಮೂಗು ತೊಳೆದುಕೊಂಡು,
ಚುಕ್ಕಿ


ಏಪ್ರಿಲ್ ೧೬

ಚುಕ್ಕಿ,

ನನ್ನ ಹೆಸರಿಗೆ ನಗರಸಭೆಯಿಂದ ಕಾಗದ ಬಂದಿದೆ, ಆಕ್ಷೇಪಣೆ ಬರೆದುಕೊಟ್ಟವಳು ನಾನೆಂದು. ಓದಿದವಳೇ ಮಗುವನ್ನು ಮಗಳ ಕೈಗೆ ಕೊಟ್ಟೆ. ‘ಸದರಿ ರಸ್ತೆಯ ಒಂದು ಮನೆಯವರು ಮರಗಳ ತೆರವಿಗೆ ಒಪ್ಪಿಗೆ ನೀಡಿರುವುದರಿಂದ’ ಎಂದು ಶುರು. ಯಾರೆಂದು ಬರೆದಿಲ್ಲ. ಬರೆಯುವುದೂ ಬೇಡ.

ಅವನೇ. ನಿನ್ನ ಟೈಲರಣ್ಣನೇ. ಕಲೆ, ಕಲೆ ಎಂದು ಸಾಯುತ್ತಿದ್ದನಲ್ಲ. ನನ್ನೆದುರು ನಿಂತು ‘ಆಗ್ಲಿ ದೊಡ್ಡ ಮಿಸ್, ಮರ ಇರ್ಲಿ’ ಎಂದ ಬಾಯಿ ಅದು. ಇಪ್ಪತ್ತೆರಡು ವರ್ಷ ನನ್ನ ಬಟ್ಟೆ ಹೊಲಿದಿದ್ದಾನೆ. ಕಿವಿಯ ಯಂತ್ರ ಬಂದ ಮೊದಲ ವರ್ಷ, ಅದರ ಡಬ್ಬಿ ಎಲ್ಲೆಂದರಲ್ಲಿ ಮರೆಯುತ್ತಿದ್ದೆನೆಂದು, ನಾನು ಹೇಳದೆಯೇ ಪ್ರತಿ ಅಂಗಿಗೂ ಒಳಗಡೆ ಒಂದು ಪುಟ್ಟ ಜೇಬು ಹೊಲಿದ. ಅಂಥವನು ಹೀಗೆ ಮಾಡಿದ. ನಿನ್ನ ಹಳದಿ ಲೋಳೆ ವಾಸಿ, ಅದು ಕಣ್ಣಿಗೆ ಕಾಣುವಂತೆ ಅಸಹ್ಯವಾಗಿದೆ.

ನಿನ್ನೆಯೇ ಅವನಿಗೆ ಪತ್ರ ಹಾಕಿದೆ. ಏನು ಬರೆದೆ ಎಂದು ಕೇಳಬೇಡ. ಮೂವತ್ತು ವರ್ಷ ಮಕ್ಕಳನ್ನು ಬೈದವಳಿಗೆ ಪದಗಳ ಬರವಿಲ್ಲ. ನೀನೂ ಅವನ ಅಂಗಡಿಯ ಮೆಟ್ಟಿಲು ಹತ್ತಬೇಡ.

ಅಕ್ಕ


ಮೇ ೫ (ಕಳಿಸದ್ದು)

ಅಕ್ಕಾ,

ಅದು ನಾನು.

ನಿನ್ನ ಪತ್ರ ಬಂದ ದಿನವೇ ನಗರಸಭೆಗೆ ಹೋದೆ. ಯಾರ ಸಹಿ ಎಂದು ನೋಡಿ ಟೈಲರಣ್ಣನ ಮುಖಕ್ಕೆ ಹಿಡಿಯಬೇಕೆಂಬ ಸಿಟ್ಟಿನಲ್ಲೇ ಹೋದೆ. ಗುಮಾಸ್ತೆ ಮೊದಲು ಕಡತ ಕೊಡಲಿಲ್ಲ. ಮನೆಯ ಸಂಖ್ಯೆ ಹೇಳಿದೆ. ಅವಳು ನನ್ನನ್ನು ನೋಡಿ, ‘ನಿಮ್ಮ ಮನೇದೇ ಅಲ್ವೇನಮ್ಮಾ?’ ಎಂದು ತಿರುಗಿಸಿ ತೋರಿಸಿದಳು.

ಗರಗಸನ ಕಾಗದ. ಮೊದಲ ಸಾಲು: ಒಂದು ಲಾರಿ ಮರದ ಚೂರನ್ನು ಪಡೆದಿರುತ್ತೇನೆ. ಎರಡನೆಯ ಸಾಲು, ಸಣ್ಣ ಅಕ್ಷರದಲ್ಲಿ: ನಮ್ಮ ರಸ್ತೆಯ ಮರಗಳ ತೆರವಿಗೆ ನನ್ನ ಆಕ್ಷೇಪಣೆ ಇರುವುದಿಲ್ಲ. ಅದರ ಕೆಳಗೆ ನನ್ನ ಸಹಿ, ಕೊನೆಯ ಅಕ್ಷರದ ಬಾಲ ಉದ್ದವಾಗಿ, ಆ ಇಲಿಯದರ ಹಾಗೆ.

‘ಎಲ್ಲಾ ರಸ್ತೇಲೂ ಹಿಂಗೇ ಅಮ್ಮಾ’ ಎಂದಳು ಗುಮಾಸ್ತೆ. ‘ಚೂರು ಬೇಕು ಅನ್ನೋರು ಓದಲ್ಲ.’

ಮೂವತ್ತು ಸಾವಿರ ಪುಟ ತಿದ್ದಿರಬಹುದು ನಾನು. ಬೇರೆಯವರ ಅಲ್ಪವಿರಾಮಕ್ಕಾಗಿ ರಾತ್ರಿ ನಿದ್ದೆ ಕೆಟ್ಟಿದ್ದೇನೆ. ನಮ್ಮ ಮನೆ, ಅಕ್ಕಾ. ಆರು ಮನೆಗಳಲ್ಲಿ ಮಾತು ಮೀರಿದ್ದು ನಮ್ಮ ಮನೆ. ನಿನ್ನ ಕಿಟಕಿಯ ಕೆಳಗಿನ ಕೋಣೆಯವಳು.


ಮೇ ೬

ಅಕ್ಕಾ,

ತಡವಾಯಿತು, ಪ್ರೆಸ್ಸಿನಲ್ಲಿ ಕೆಲಸ ಹೆಚ್ಚಿತ್ತು.

ಹಿತ್ತಲಿಗೆ ಹೋಗುವುದು ಈಗ ಒಂದು ಶಿಕ್ಷೆ. ಹಳದಿ ಲೋಳೆ ಹೋಯಿತು, ಅದರ ಅಪ್ಪ ಬಂದ. ಚೂರಿನೊಳಗಿನಿಂದ ಒಂದು ಅಣಬೆ ಎದ್ದಿದೆ. ಮೊದಲು ಮೊಟ್ಟೆಯಂತೆ, ಮೃದು, ಬೆಳ್ಳಗೆ. ಅದು ಒಡೆದು ಬೆರಳಿನಂಥ ಕೆಂಪು ದಂಟು ಮೇಲೆ ಬರುತ್ತದೆ. ತುದಿಗೆ ಕಂದು ಲೇಪ. ನಾತ ಎಂದರೆ ಸತ್ತ ಪ್ರಾಣಿಯದು. ನೊಣಗಳು ಅದಕ್ಕೆ ಕವಿದಿರುತ್ತವೆ, ಆ ಲೇಪವನ್ನು ನೆಕ್ಕಿ ಕಾಲಿಗೆ ಅಂಟಿಸಿಕೊಂಡು ಅಡುಗೆಮನೆಗೆ ಬರುತ್ತವೆ. ಕಿತ್ತರೆ ಮರುದಿನ ಇನ್ನೆರಡು. ಬೇರು ಎಲ್ಲೋ ಆಳದಲ್ಲಿದೆ, ಮೇಲಿನದನ್ನು ಕಿತ್ತು ಏನೂ ಪ್ರಯೋಜನವಿಲ್ಲವಂತೆ. ಕಿಟಕಿಗಳನ್ನೆಲ್ಲ ಹಾಕಿಕೊಂಡು ಕೂತಿದ್ದೇನೆ. ಆದರೂ ವಾಸನೆ ನನ್ನ ಕೂದಲಿನಲ್ಲೇ ಇದೆ ಅನ್ನಿಸುತ್ತದೆ.

ನಗರಸಭೆಗೆ ಹೋಗಿದ್ದೆ. ಕಡತ ತೋರಿಸುವುದಿಲ್ಲವಂತೆ.

ಟೈಲರಣ್ಣ ಏನೂ ಹೇಳಲಿಲ್ಲ. ಮಗು ತೂಕ ಹೆಚ್ಚಿತೇ?

ಚುಕ್ಕಿ


ಮೇ ೨೨

ಚುಕ್ಕಿ,

ಅವನ ಉತ್ತರ ಬಂತು. ಉತ್ತರವೆಂದರೆ ಒಂದು ಪೊಟ್ಟಣ. ಹೊಲಿಯಲು ಕೊಟ್ಟಿದ್ದ ನನ್ನ ಎರಡು ಬಟ್ಟೆ, ಕತ್ತರಿ ಮುಟ್ಟದ್ದು, ಇಸ್ತ್ರಿ ಮಾಡಿ ಮಡಿಸಿದ್ದು. ಅದರ ಮೇಲೆ ಅವನ ಅಳತೆ ಪುಸ್ತಕದಿಂದ ಹರಿದ ನನ್ನ ಹಾಳೆ. ಇಪ್ಪತ್ತೆರಡು ವರ್ಷದ ಅಂಕಿಗಳು, ಹೊಡೆದು ಹಾಕಿ ಪಕ್ಕದಲ್ಲಿ ಬರೆದವು, ನಾನು ದಪ್ಪಗಾದದ್ದು, ಸಣ್ಣಗಾದದ್ದು, ನಿನ್ನ ಭಾವ ತೀರಿಕೊಂಡ ವರ್ಷ ಭುಜ ಇಳಿದದ್ದು ಕೂಡ. ಒಂದು ಮಾತು ಬರೆದಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವನು ಹೆಗಲು ಮುಟ್ಟಿಕೊಳ್ಳಲೂ ಇಲ್ಲ. ಅದೇ ನನಗೆ ಸ್ವಲ್ಪ ಚುಚ್ಚುತ್ತಿದೆ. ನಾನು ಮಾಡಿದ್ದು ಸರಿ ತಾನೇ? ಒಂದು ಮಾತು ಬರೆ. ನೀನು ಕಣ್ಣೆದುರಿಗೆ ಇರುವವಳು.

ಇನ್ನೊಂದು. ನಗರಸಭೆಗೆ ಬರೆದು ಕೇಳಿದ್ದೆ. ಜೂನ್ ಹತ್ತರೊಳಗೆ ಸಹಿ ಹಾಕಿದವರೇ ಖುದ್ದಾಗಿ ಬಂದು ಒಪ್ಪಿಗೆ ಹಿಂತೆಗೆದುಕೊಂಡರೆ ಪ್ರಸ್ತಾಪ ಬಿದ್ದುಹೋಗುತ್ತದಂತೆ. ಇಲ್ಲದಿದ್ದರೆ ಹದಿನೈದಕ್ಕೆ ಗರಗಸ ಬರುತ್ತದೆ. ನಾನು ಹೇಳಿದ್ದನ್ನು ಮರೆತುಬಿಡು, ಅವನ ಅಂಗಡಿಗೆ ಹೋಗು. ನನ್ನ ಪರವಾಗಿ ಕಾಲು ಹಿಡಿ ಬೇಕಾದರೆ. ಈ ವಯಸ್ಸಿನಲ್ಲಿ ನನಗೆ ಮಾನಕ್ಕಿಂತ ಕಿಟಕಿ ದೊಡ್ಡದು.

ಅಕ್ಕ


ಜೂನ್ ೧೧

ಅಕ್ಕಾ,

ಹಣ್ಣು ಉದುರಲು ಶುರುವಾಗಿದೆ. ರಸ್ತೆಯೆಲ್ಲ ನೇರಳೆ. ಚಪ್ಪಲಿಗೆ ಅಂಟಿಕೊಂಡು ಒಳಗೂ ಬರುತ್ತದೆ.

ಮರದ ವಿಷಯ ಯೋಚನೆ ಮಾಡಬೇಡ. ಒಪ್ಪಿಗೆ ಹಿಂದಕ್ಕೆ ಬಂದಿದೆ ಎಂದು ಕೇಳಿದೆ.

ಚುಕ್ಕಿ


ಜೂನ್ ೨೪

ನನ್ನ ಚುಕ್ಕೀ,

ಕಾಗದ ಬಂತು! ‘ಸದರಿ ಒಪ್ಪಿಗೆಯನ್ನು ಹಿಂಪಡೆಯಲಾಗಿರುವುದರಿಂದ ತೆರವು ಪ್ರಸ್ತಾಪವನ್ನು ಕೈಬಿಡಲಾಗಿದೆ.’ ಮಗಳಿಗೆ ಮೂರು ಸಲ ಓದಿ ಹೇಳಿದೆ, ಮೂರನೆಯ ಸಲ ಅವಳು, ‘ಅಮ್ಮಾ, ನಿಂಗೆ ಕಿವಿ ಕೇಳ್ಸಲ್ಲ, ನಂಗೆ ಕೇಳ್ಸುತ್ತೆ’ ಎಂದಳು.

ನೀನು ಅವನ ಹತ್ತಿರ ಏನು ಮಾತಾಡಿದೆಯೋ, ಹೇಗೆ ಮಾತಾಡಿದೆಯೋ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಅವನಿಗೂ ಬರೆದಿದ್ದೇನೆ. ಮನುಷ್ಯ ತಪ್ಪು ಮಾಡುವುದು ಸಹಜ, ತಿದ್ದಿಕೊಳ್ಳುವುದು ದೊಡ್ಡದು, ನಿನ್ನನ್ನು ಕ್ಷಮಿಸಿದ್ದೇನೆ ಎಂದು. ಅಳತೆಯ ಹಾಳೆ ನನ್ನ ಹತ್ತಿರವೇ ಇದೆ, ಬಂದಮೇಲೆ ನಾನೇ ಅವನ ಪುಸ್ತಕದಲ್ಲಿ ಅಂಟಿಸುತ್ತೇನೆ ಎಂದೂ ಬರೆದೆ. ಮನಸ್ಸು ಎಷ್ಟು ಹಗುರವಾಯಿತೆಂದರೆ ಹೇಳಲಾರೆ.

ಮುಂದಿನ ತಿಂಗಳು ಬರುತ್ತೇನೆ. ಒಂದು ಕೊಂಬೆಯ ಹಣ್ಣು ಹಕ್ಕಿಗೆ ಬಿಡು, ಕೀಳಬೇಡ.

ಖುಷಿಯಿಂದ,
ಅಕ್ಕ


ಜುಲೈ ೩

ಅಕ್ಕಾ,

ಈ ಪತ್ರವನ್ನು ಕೂತುಕೊಂಡೇ ಓದು.

ಒಪ್ಪಿಗೆ ಕೊಟ್ಟವಳು ನಾನು. ಟೈಲರಣ್ಣ ಅಲ್ಲ. ಮಾರ್ಚಿನಲ್ಲಿ ಚೂರು ತಲುಪಿತೆಂದು ಹಾಕಿದ ಸಹಿಯ ಮೇಲೇ ಮರ ತೆಗೆಯಲು ಆಕ್ಷೇಪಣೆಯಿಲ್ಲ ಎಂದು ಬರೆದಿತ್ತು. ಏಪ್ರಿಲ್‌ನಿಂದ ನನಗೆ ಗೊತ್ತು. ಕಡತ ತೋರಿಸಲಿಲ್ಲ ಎಂದದ್ದು ಸುಳ್ಳು. ಮೇ ಐದರಂದು ನಿನಗೆ ನಿಜ ಬರೆದೆ, ಆರರಂದು ಅದರ ಬದಲು ಅಣಬೆಯ ಬಗ್ಗೆ ಬರೆದು ಕಳಿಸಿದೆ. ಐದನೆಯ ತಾರೀಖಿನದನ್ನು ಇದರ ಜೊತೆ ಇಟ್ಟಿದ್ದೇನೆ. ನನ್ನ ಬದುಕಿನಲ್ಲಿ ನಾನು ತಿದ್ದಿದ ಕರಡುಗಳಲ್ಲಿ ಅತ್ಯಂತ ಹೊಲಸಾದದ್ದು ಅದು.

ಜೂನ್ ಒಂಬತ್ತರಂದು ಹೋಗಿ ಒಪ್ಪಿಗೆ ಹಿಂತೆಗೆದುಕೊಂಡೆ. ಈ ಸಲ ಕನ್ನಡಕ ಹಾಕಿಕೊಂಡು ಮೂರು ಬಾರಿ ಓದಿದೆ, ಎರಡು ಕಾಗುಣಿತದ ತಪ್ಪು ಹುಡುಕಿ ಗುಮಾಸ್ತೆಗೆ ತೋರಿಸಿದೆ ಕೂಡ. ಹೊರಗೆ ಬಂದಾಗ ನನಗೆ ಎಂಥ ಸಮಾಧಾನವಾಯಿತೆಂದರೆ, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಅನ್ನಿಸಿತು. ಮರ ಉಳಿಯಿತು. ನಿನ್ನ ಕಿಟಕಿ ಉಳಿಯಿತು. ಟೈಲರಣ್ಣನ ಸಿಟ್ಟು ನಾಲ್ಕು ದಿನದ್ದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಕಂಡು ನಕ್ಕವಳು ನಾನು. ಹಾಲು ರುಚಿಯಾಗಿಯೇ ಇತ್ತು, ಅಕ್ಕಾ.

ಆಮೇಲೆ ನಿನ್ನ ಕ್ಷಮೆ ಬಂತು.

ಮೊನ್ನೆ ಬೆಳಿಗ್ಗೆ ಗೇಟಿನ ಮುಂದೆ ಹಣ್ಣು ಗುಡಿಸುತ್ತಿದ್ದೆ. ಟೈಲರಣ್ಣ ಅಂಗಡಿಯಿಂದ ಕರೆದರು. ಎರಡು ತಿಂಗಳಿಂದ ನಾನು ಆ ಕಡೆ ನೋಡದೆ ಮುಖ ತಿರುಗಿಸಿಕೊಂಡೇ ಓಡಾಡುತ್ತಿದ್ದೆ, ಅವರೂ ಕರೆದಿರಲಿಲ್ಲ. ಹೋದೆ. ನಿನ್ನ ಪತ್ರ ಹೊಲಿಗೆ ಯಂತ್ರದ ಮೇಲೆ ತೆರೆದಿತ್ತು.

‘ದೊಡ್ಡ ಮಿಸ್ ನನ್ನ ಕ್ಷಮಿಸಿದ್ದಾರಂತೆ’ ಎಂದರು.

ನಾನು ಹೊಸ್ತಿಲಲ್ಲೇ ನಿಂತೆ. ಪೊರಕೆ ಕೈಯಲ್ಲೇ ಇತ್ತು.

‘ತಗೊಳ್ಳಿ, ಓದಿ’ ಎಂದು ಪತ್ರ ಚಾಚಿದರು. ‘ಕನ್ನಡಕ ಇಲ್ವಾ? ನಂದು ಕೊಡ್ತೀನಿ, ಹಾಕ್ಕೊಳ್ಳಿ. ಇದನ್ನಾದ್ರೂ ಓದಿ, ಚಿಕ್ಕ ಮಿಸ್.’

ಅಷ್ಟೇ. ಗಟ್ಟಿಯಾಗಿ ಹೇಳಲಿಲ್ಲ, ಕುಹಕವೂ ಇರಲಿಲ್ಲ. ಅವತ್ತು ಲಾರಿಯ ಪಕ್ಕದಲ್ಲಿ ಕೇಳಿದ ದನಿಯಲ್ಲೇ ಹೇಳಿದರು. ಅವರಿಗೆ ಮೊದಲಿನಿಂದ ಗೊತ್ತಿತ್ತು. ನಿನ್ನ ಮೊದಲ ಪತ್ರ ಬಂದ ದಿನದಿಂದ, ಅದರಲ್ಲಿ ನೀನು ಏನೆಲ್ಲ ಬರೆದಿದ್ದೆಯೋ ಅದನ್ನು ಓದಿದ ದಿನದಿಂದ, ನಮ್ಮ ಮನೆಯ ಬಾಗಿಲು ತೆರೆದು ನಾನು ಬರುತ್ತೇನೆಂದು ಕಾದಿದ್ದರು. ನಾನು ಹಿತ್ತಲಲ್ಲಿ ಅಣಬೆ ಕೀಳುತ್ತಿದ್ದೆ.

‘ನೀವೇ ಬರೀಬಹುದಿತ್ತಲ್ಲ ಅಣ್ಣಾ, ನಾನಲ್ಲ ಅವಳು ಅಂತ’ ಎಂದೆ. ನನಗೇ ಕೇಳಿಸದಷ್ಟು ಸಣ್ಣಗೆ.

‘ಅಕ್ಕ ತಂಗೀರ ಮಧ್ಯ ಕತ್ತರಿ ಆಡಿಸ್ಬಾರದು’ ಎಂದು ಅವರು ಯಂತ್ರ ತುಳಿಯಲು ಶುರು ಮಾಡಿದರು.

ಇನ್ನೊಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದೂ ಅರ್ಧ ತಿದ್ದಿದ ಕರಡೇ ಆಗುತ್ತದೆ. ಗರಗಸ ಕಾಗದ ಚಾಚಿದಾಗ ನನಗೆ ಅಕ್ಷರಗಳು ಮಸುಕಾಗಿ ಕಂಡವು. ಎರಡನೆಯ ಸಾಲಿನಲ್ಲಿ ‘ಮರಗಳ’ ಎಂಬ ಪದ ಕಂಡಿತ್ತು. ಏನೋ ಇದೆ ಅನ್ನಿಸಿತ್ತು. ಕನ್ನಡಕ ಹನ್ನೆರಡು ಹೆಜ್ಜೆ ಒಳಗಿತ್ತು, ಆಮೇಲೆ ಎಣಿಸಿ ನೋಡಿದ್ದೇನೆ. ಲಾರಿ ಹೊರಟುಹೋದರೆ ಎಂದು ಹೋಗಲಿಲ್ಲ. ಓದಿದ್ರಾ ಎಂದು ಟೈಲರಣ್ಣ ಕೇಳಿದರು, ನಾನು ತಮಾಷೆ ಮಾಡಿದೆ. ಮೋಸ ಹೋದೆ ಎಂದು ಹೇಳಿಕೊಳ್ಳುವಷ್ಟು ಮೋಸ ನನಗೆ ಆಗಿಲ್ಲ. ಬಿಟ್ಟಿ ಚೂರು ನನಗೆ ಬೇಕಾಗಿತ್ತು.

ಹಿತ್ತಲು ಚೆನ್ನಾಗಿದೆ. ಅದು ಇನ್ನೂ ಅಸಹ್ಯ. ಗುಲಾಬಿ ಎಂದೂ ಇಲ್ಲದಷ್ಟು ಹೂ ಬಿಟ್ಟಿದೆ, ಟೊಮೆಟೊ ಗಿಡ ಕೋಲು ಮುರಿಯುವಷ್ಟು ಕಾಯಿ ಹೊತ್ತಿದೆ, ಚೂರು ಕುಸಿದು ಎರಡೇ ಬೆರಳು ಉಳಿದಿದೆ, ಕೆಳಗೆ ಕಪ್ಪು ಮಣ್ಣು ಒದ್ದೆ ಕೂದಲಿನಂತೆ ಮೃದು. ಒಂದು ಟೊಮೆಟೊ ಕಿತ್ತು ತೊಳೆದು ಹೆಚ್ಚಿದೆ. ತಿನ್ನಲಾಗಲಿಲ್ಲ. ಗೋಡೆಯಾಚೆ ಎಸೆದೆ.

ಏನು ಮಾಡಲಿ ಎಂದು ನಿನ್ನನ್ನು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ ತಂಗಿ


ಜುಲೈ ೧೨

ಚುಕ್ಕಿ,

ನಿನ್ನ ಪತ್ರವನ್ನು ಕೂತು ಓದಿದೆ, ಎದ್ದು ಓದಿದೆ, ಮಗು ಮಲಗಿದ ಮೇಲೆ ಇನ್ನೊಮ್ಮೆ ಓದಿದೆ. ಏಳು ದಿನ ಉತ್ತರ ಬರೆಯಲಿಲ್ಲ, ಏಕೆಂದರೆ ಬರೆದದ್ದನ್ನೆಲ್ಲ ಹರಿಯಬೇಕಾಯಿತು.

ಸಹಿಗೆ ನಾನು ಸಿಟ್ಟಾಗಿಲ್ಲ. ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ಆದರೆ ಮೇ ತಿಂಗಳಲ್ಲಿ ‘ನಾನು ಮಾಡಿದ್ದು ಸರಿ ತಾನೇ’ ಎಂದು ನಿನ್ನನ್ನು ಕೇಳಿದೆ. ನೀನು ಹಣ್ಣು ಉದುರುತ್ತಿದೆ ಎಂದು ಬರೆದೆ. ನಾನು ಆ ಮನುಷ್ಯನನ್ನು ಬೈದೆ, ಸರಿ, ಬೈಗುಳಕ್ಕೆ ಮದ್ದಿದೆ. ಕ್ಷಮಿಸಿದೆನಲ್ಲ, ಚುಕ್ಕಿ. ಕೈಮುಗಿದು ನಿಲ್ಲಬೇಕಾದವರ ಎದುರು ಮೇಲೆ ಕೂತು ಕ್ಷಮಿಸಿದೆ. ಅದನ್ನು ನೆನೆದಾಗಲೆಲ್ಲ ಬಾಯೆಲ್ಲ ಕಹಿಯಾಗುತ್ತದೆ. ಅವರಿಗೆ ನನ್ನ ಪಾಲಿನದನ್ನು ಇವತ್ತೇ ಬರೆದು ಹಾಕಿದ್ದೇನೆ. ನಿನ್ನ ಪಾಲಿನದನ್ನು ಬರೆದಿಲ್ಲ.

ಇಪ್ಪತ್ತನೆಯ ತಾರೀಖು ಬೆಳಿಗ್ಗೆ ಬರುತ್ತೇನೆ. ನನ್ನನ್ನು ಕರೆದುಕೊಂಡು ಹೋಗಲು ನಿಲ್ದಾಣಕ್ಕೆ ಬರಬೇಡ. ಆರೂ ಮನೆಯವರನ್ನು ಟೈಲರ್ ಅಂಗಡಿಯ ಮುಂದೆ, ಮರದ ಕೆಳಗೆ ಕರೆದಿಡು. ನನ್ನ ಅಳತೆಯ ಹಾಳೆಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಅದನ್ನು ಅವರ ಕೈಗೆ ನೀನು ಕೊಡಬೇಕು. ಆಮೇಲೆ ಜುಲೈ ಮೂರರ ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಮೂಲವನ್ನೂ ಒಳಗೆ ಇಟ್ಟಿದ್ದೇನೆ, ಒಂದಕ್ಷರ ತಿದ್ದಬೇಡ. ಹನ್ನೆರಡು ಹೆಜ್ಜೆಯನ್ನೂ ಬಿಡಬೇಡ. ಕನ್ನಡಕ ಮರೆಯಬೇಡ.

ನಾನು ಕೆಳಗೆ ಬರುವುದಿಲ್ಲ. ಮಹಡಿಯ ಕಿಟಕಿಯಲ್ಲಿ ಕೂತಿರುತ್ತೇನೆ. ಅಷ್ಟು ದೂರದ ಮಾತು ನನಗೆ ಕೇಳಿಸುವುದಿಲ್ಲ.

ನಿನ್ನ ಬಾಯಿ ತೆರೆಯುವುದನ್ನು ನೋಡುತ್ತೇನೆ.

ಅಕ್ಕ